ಧಾರವಾಡದ ಹವೆಯಲ್ಲಿ ಹಣ್ಣುನೊಣ ಸಾಕಿ ಪ್ರಯೋಗ ಮಾಡುವುದು ಹೇಗೆ

ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಜರ್ನಲ್‌ಗಳನ್ನು ಸಾಲಾಗಿ ತೆರೆದು ನೋಡಿ. ಎಲ್ಲರ ಹಣ್ಣುನೊಣಗಳೂ ಕವಾಯತಿಗೆ ನಿಂತವರ ಹಾಗೆ 3:1ರಲ್ಲೇ ಹುಟ್ಟಿರುತ್ತವೆ. 300 ಕೆಂಪುಗಣ್ಣು, 100 ಬಿಳಿಗಣ್ಣು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬರೆದವರಲ್ಲಿ ಬಹಳ ಮಂದಿ ಬಾಟಲಿಯ ಮುಖವನ್ನೇ ನೋಡಿಲ್ಲ ಎಂದು ತಿಳಿಯಲು ಸೂಕ್ಷ್ಮದರ್ಶಕ ಬೇಕಿಲ್ಲ. ಈ ಮಾರ್ಗದರ್ಶಿ ನಿಜವಾಗಿ ನೊಣ ಸಾಕಿ, ನಿಜವಾಗಿ ಎಣಿಸಲು ಹೊರಟವರಿಗೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಯಾವುದೇ ಕಾಲೇಜಿನಲ್ಲಿ, ಎ.ಸಿ. ಕೋಣೆಯಿಲ್ಲದೆ, ದುಬಾರಿ ಉಪಕರಣವಿಲ್ಲದೆ ಇದನ್ನು ಮಾಡಬಹುದು. ಬೇಕಾಗುವುದು ರವೆ, ಬೆಲ್ಲ, ಒಂದಿಷ್ಟು ಗಾಜಿನ ಬಾಟಲಿ ಮತ್ತು ದಿನಾ ಬೆಳಿಗ್ಗೆ ಹೋಗಿ ನೋಡುವ ಒಬ್ಬ ಮನುಷ್ಯ.

ಈ ನೊಣವೇ (ವೈಜ್ಞಾನಿಕ ಹೆಸರು ಡ್ರೊಸೋಫಿಲಾ) ಏಕೆ ಎನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಉದ್ದ ಎರಡೂವರೆ-ಮೂರು ಮಿಲಿಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ವರ್ಣತಂತುಗಳು ನಾಲ್ಕೇ ಜೊತೆ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಬಾಟಲಿಯಲ್ಲಿ ಒಂದು ಬಿಳಿಗಣ್ಣಿನ ಗಂಡು ಕಾಣಿಸಿತು. ಜೀನುಗಳು ವರ್ಣತಂತುಗಳ ಮೇಲೆ ಕೂತಿವೆ ಎಂಬುದಕ್ಕೆ ಗಟ್ಟಿ ಆಧಾರ ಅಲ್ಲಿಂದ ಬಂತು. 1913ರಲ್ಲಿ ಅವರ ಶಿಷ್ಯ ಸ್ಟರ್ಟ್‌ವೆಂಟ್ ಮೊದಲ ಜೀನ್ ನಕ್ಷೆ ಬರೆದರು. 1927ರಲ್ಲಿ ಮುಲ್ಲರ್ ಎಕ್ಸ್-ಕಿರಣದಿಂದ ಉತ್ಪರಿವರ್ತನೆ, ಅಂದರೆ ಜೀನಿನಲ್ಲಿ ಬದಲಾವಣೆ, ಆಗುತ್ತದೆಂದು ತೋರಿಸಿದರು. 2000ದಲ್ಲಿ ಇದರ ಹೆಚ್ಚುಕಡಿಮೆ ಪೂರ್ಣ ಜೀನೋಮ್ ಪ್ರಕಟವಾಯಿತು. ಮನುಷ್ಯರ ಕಾಯಿಲೆಗಳಿಗೆ ನಂಟಿರುವ ಜೀನುಗಳಲ್ಲಿ ಶೇ. 75ರಷ್ಟಕ್ಕೆ ಈ ನೊಣದಲ್ಲಿ ಸರಿಜೋಡಿ ಇದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ನಮ್ಮ ರಾಜ್ಯದಲ್ಲೂ ಇದಕ್ಕೆ ದೊಡ್ಡ ಮನೆತನವಿದೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೋಫಿಲಾ ತಳಿ ಕೇಂದ್ರವಿದೆ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ (ಎನ್‌ಸಿಬಿಎಸ್) ಮತ್ತು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ದಶಕಗಳಿಂದ ಇದರ ಮೇಲೆ ಕೆಲಸ ನಡೆದಿದೆ.

ಮೊದಲು ನೊಣ ಯಾವುದೆಂದು ಗೊತ್ತುಮಾಡಿಕೊಳ್ಳಿ

ಧಾರವಾಡದ ಸುತ್ತಲಿನ ಆಪೂಸ್ ತೋಟದ ರೈತರ ಹತ್ತಿರ ಹೋಗಿ ‘ಹಣ್ಣಿನ ನೊಣ’ ಎಂದರೆ ಅವರು ತೋರಿಸುವುದು ಬೇರೆಯದನ್ನೇ. ಅದು ಬ್ಯಾಕ್ಟ್ರೊಸೆರಾ, ಮನೆನೊಣದಷ್ಟು ದೊಡ್ಡದು. ಬಲಿಯುತ್ತಿರುವ ಮಾವಿನಕಾಯಿಗೆ ಚುಚ್ಚಿ ಮೊಟ್ಟೆ ಇಟ್ಟು ಹಣ್ಣನ್ನು ಒಳಗಿನಿಂದ ಕೆಡಿಸುತ್ತದೆ. ಅದಕ್ಕಾಗಿ ತೋಟದಲ್ಲಿ ಮೀಥೈಲ್ ಯೂಜಿನಾಲ್ ಬಲೆ ಕಟ್ಟುತ್ತಾರೆ, ಗಂಡು ನೊಣಗಳು ಬಂದು ಬೀಳುತ್ತವೆ. ಆ ಬಲೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ನಮಗೆ ಬೇಕಾದ ಡ್ರೊಸೋಫಿಲಾ ಹಣ್ಣು ಹುಳಿಯಲು ಶುರುವಾದ ಮೇಲೆ ಬರುವ ಪುಟ್ಟ, ಕೆಂಪುಗಣ್ಣಿನ, ನಿಧಾನ ಹಾರಾಟದ ನೊಣ. ಅದು ಹುಡುಕಿ ಬರುವುದು ಹಣ್ಣಿಗಿಂತ ಹೆಚ್ಚಾಗಿ ಹಣ್ಣಿನ ಮೇಲೆ ಬೆಳೆದ ಯೀಸ್ಟನ್ನು. ರೈತನಿಗೆ ಅದರಿಂದ ಹೇಳಿಕೊಳ್ಳುವ ನಷ್ಟವಿಲ್ಲ, ಹಣ್ಣಿನ ಅಂಗಡಿಯವರಿಗೆ ಮಾತ್ರ ಕಿರಿಕಿರಿ.

ಆ ಕಿರಿಕಿರಿಯೇ ನಿಮ್ಮ ಬಂಡವಾಳ. ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲೋ ಹುಬ್ಬಳ್ಳಿಯ ಜನತಾ ಬಜಾರಿನಲ್ಲೋ ಕರ್ರಗಾದ ಬಾಳೆಹಣ್ಣು ಕೇಳಿದರೆ ಪುಕ್ಕಟೆ ಕೊಟ್ಟಾರು. ಜೊತೆಗೆ ಒಂದು ಮಾತೂ ಬರುತ್ತದೆ: “ಮಂದಿ ನೊಣ ಕುಂತ ಹಣ್ಣ ಬ್ಯಾಡ ಅಂತಾರ, ನೀವು ಅದನ್ನ ಬೇಕಂತೀರಲ್ರಿ ಸರ!”

ಬಲೆ ಕಟ್ಟುವುದು

ಜುಲೈಯಿಂದ ನವೆಂಬರ್‌ವರೆಗಿನ ಕಾಲ ಒಳ್ಳೆಯದು. ಬೇಸಿಗೆಯ ಒಣಹವೆಯಲ್ಲಿ ಹೊರಗೆ ನೊಣ ಸಿಗುವುದು ಕಷ್ಟ.

ಕರ್ರಗಾದ ಎರಡು ಬಾಳೆಹಣ್ಣನ್ನು ಸಿಪ್ಪೆ ಸಮೇತ ಕಿವುಚಿ, ಬೇಕರಿಯ ಒಣ ಯೀಸ್ಟ್ ಒಂದು ಚಿಟಿಕೆ ಕಲಸಿ, ಅಗಲ ಬಾಯಿಯ ಬಾಟಲಿಯ ತಳಕ್ಕೆ ಹಾಕಿ. ಒಂದು ದಿನ ಹಾಗೇ ಬಿಟ್ಟರೆ ಹುಳಿ ವಾಸನೆ ಏಳುತ್ತದೆ. ಆಮೇಲೆ ಬಾಟಲಿಯನ್ನು ಗಿಡದ ನೆರಳಿನಲ್ಲಿ, ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿ ಕಟ್ಟಿ. ಬಿಸಿಲು ಬಿದ್ದರೆ ಹಣ್ಣು ಒಣಗುತ್ತದೆ. ದಾರಕ್ಕೆ ಬೇವಿನೆಣ್ಣೆಯನ್ನೋ ಗ್ರೀಸನ್ನೋ ಸವರದಿದ್ದರೆ ಮರುದಿನ ನೊಣದ ಬದಲು ಇರುವೆ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಚೀಲವನ್ನು ಫಟ್ಟನೆ ಮುಚ್ಚಿ. ಒಂದು ಸಣ್ಣ ಉಪಾಯ: ನೊಣ ಬೆಳಕಿನ ಕಡೆಗೆ ಮತ್ತು ಮೇಲಕ್ಕೆ ಹೋಗುತ್ತದೆ. ಚೀಲದ ತುದಿಯನ್ನು ಬೆಳಕಿಗೆ ಹಿಡಿದು ಬಾಟಲಿಯನ್ನು ಕೈಯಿಂದ ಮುಚ್ಚಿ ಕತ್ತಲು ಮಾಡಿದರೆ ತಾವಾಗಿಯೇ ಚೀಲಕ್ಕೆ ಬರುತ್ತವೆ.

ಸಿಕ್ಕದ್ದೆಲ್ಲ ಒಂದೇ ಜಾತಿಯಲ್ಲ. ಪಾಠದ ಡ್ರೊಸೋಫಿಲಾ ಮೆಲನೊಗ್ಯಾಸ್ಟರ್ ಜೊತೆಗೆ ಕರ್ನಾಟಕದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ಅನನಾಸೆ, ಮಲೇರ್ಕೋಟ್ಲಿಯಾನಾ, ನಸೂಟಾ ಪ್ರಭೇದಗಳೂ ಇರಬಹುದು. ಗಂಡು ನಸೂಟಾವನ್ನು ಎದುರಿನಿಂದ ನೋಡಿದರೆ ಹಣೆ ಬೆಳ್ಳಿಯಂತೆ ಬೆಳ್ಳಗೆ ಹೊಳೆಯುತ್ತದೆ. ತಲೆಯಿಂದ ಬೆನ್ನಿನವರೆಗೆ ಉದ್ದುದ್ದ ಬಿಳಿ ಪಟ್ಟೆ ಇರುವ ಚೆಂದದ ನೊಣವೊಂದು ಬಂದಿದ್ದರೆ ಅದು ಜಾಪ್ರಿಯೋನಸ್ ಇಂಡಿಯಾನಸ್. ಭಾರತದ ಮಾದರಿಗಳಿಂದ 1970ರಲ್ಲಿ ವರ್ಣನೆಯಾದ ಈ ನೊಣ ಕಡೆಗೆ ಬ್ರೆಜಿಲ್ ಸೇರಿ ಅಲ್ಲಿನ ಅಂಜೂರ ಬೆಳೆಗಾರರಿಗೆ ತಲೆನೋವಾಯಿತು.

ಆದ್ದರಿಂದ ಎಲ್ಲವನ್ನೂ ಒಂದೇ ಬಾಟಲಿಗೆ ಸುರಿಯಬೇಡಿ. ಒಂದು ಬಾಟಲಿಗೆ ಒಂದೇ ಹೆಣ್ಣು ಬಿಡಿ. ಕಾಡಿನಲ್ಲೇ ಕೂಡಿಕೊಂಡು ಬಂದಿರುತ್ತದೆ, ಒಂಟಿಯಾಗಿಯೇ ಮೊಟ್ಟೆ ಇಡುತ್ತದೆ. ಅದರ ಗಂಡುಮಕ್ಕಳು ಹುಟ್ಟಿದ ಮೇಲೆ ಜಾತಿ ಗುರುತಿಸುವುದು ಸುಲಭ, ಏಕೆಂದರೆ ಗುರುತುಗಳು ಹೆಚ್ಚಾಗಿ ಗಂಡಿನಲ್ಲೇ ಇವೆ. ಬಿಳಿಗಣ್ಣು, ಮೊಟುರೆಕ್ಕೆ, ಹಳದಿ ಮೈಯಂಥ ಮ್ಯೂಟಂಟ್ (ಜೀನು ಬದಲಾದ) ತಳಿಗಳು ಬಲೆಗೆ ಬೀಳುವುದಿಲ್ಲ. ಅವುಗಳಿಗೆ ಮೈಸೂರಿನ ತಳಿ ಕೇಂದ್ರಕ್ಕೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಯಿರಿ.

ಮೇವು: ರವೆ, ಬೆಲ್ಲ, ಅಗರ್

ವಿದೇಶದ ಪುಸ್ತಕಗಳು ಮೆಕ್ಕೆಜೋಳದ ಹಿಟ್ಟು, ಕಾಕಂಬಿ ಎಂದೆಲ್ಲ ಹೇಳುತ್ತವೆ. ಮೈಸೂರಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ರವೆ-ಬೆಲ್ಲದ ಮೇವು ನಮಗೆ ಹೇಳಿ ಮಾಡಿಸಿದ್ದು. ಒಂದು ಲೀಟರ್ ನೀರಿಗೆ:

- ಗೋಧಿ ರವೆ 100 ಗ್ರಾಂ
- ಬೆಲ್ಲ 100 ಗ್ರಾಂ
- ಅಗರ್ ಪುಡಿ 10 ಗ್ರಾಂ
- ಪ್ರೊಪಿಯಾನಿಕ್ ಆಮ್ಲ 7.5 ಮಿಲಿ

ಕಾಲು ಭಾಗ ನೀರನ್ನು ಬದಿಗಿಟ್ಟು ಅದರಲ್ಲಿ ರವೆ ನೆನೆಸಿ. ಉಳಿದ ನೀರಿಗೆ ಬೆಲ್ಲ ಹಾಕಿ ಕರಗಿಸಿ ಸೋಸಿ. ಬೆಲ್ಲದಲ್ಲಿ ಮಣ್ಣು, ಕಬ್ಬಿನ ಸಿಬಿರು ಇದ್ದೇ ಇರುತ್ತದೆ. ಅಗರ್ ಪುಡಿಯನ್ನು ನೀರು ತಣ್ಣಗಿರುವಾಗಲೇ ಉದುರಿಸಿ ಕಲಕಿ, ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಕುದಿ ಬಂದ ಮೇಲೆ ನೆನೆದ ರವೆ ಹಾಕಿ ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ಕೈ ಬಿಡದೆ ತಿರುವಿ. ತೆಳ್ಳಗಿನ ಸಜ್ಜಿಗೆ ಹದಕ್ಕೆ ಬಂದರೆ ಸರಿ, ಸೌಟಿನಿಂದ ಸುರಿದರೆ ಕಡಿಯದೆ ಇಳಿಯಬೇಕು. ಒಲೆಯಿಂದ ಇಳಿಸಿ 60 ಡಿಗ್ರಿಗೆ ಆರಿದ ಮೇಲೆ ಆಮ್ಲ ಹಾಕಿ. ಕುದಿಯುವಾಗಲೇ ಹಾಕಿದರೆ ಅದು ಆವಿಯಾಗಿ ನಿಮ್ಮ ಮೂಗಿಗೆ ಹೋಗುತ್ತದೆಯೇ ಹೊರತು ಮೇವಿನಲ್ಲಿ ನಿಲ್ಲುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ, ಅಡುಗೆಗೆ ಬಳಸುವ ಪಾತ್ರೆ ಬೇಡವೇ ಬೇಡ.

ಅಂಗಡಿಯ ಚೈನಾ ಗ್ರಾಸ್ ಕೂಡ ಅಗರೇ. ಆದರೆ ಕೆಲವು ಪೊಟ್ಟಣಗಳಲ್ಲಿ ಸಕ್ಕರೆ, ಬಣ್ಣ, ಏಲಕ್ಕಿ ವಾಸನೆ ಸೇರಿಸಿರುತ್ತಾರೆ. ಚೀಟಿ ಓದಿ ಕೊಳ್ಳಿ.

ಬಾಟಲಿಗಳನ್ನು ಮೊದಲೇ ತೊಳೆದು, ಪ್ರೆಷರ್ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಒಣಗಿಸಿಡಿ. ಮೇವನ್ನು ಎರಡು ಸೆಂಟಿಮೀಟರ್ ಎತ್ತರಕ್ಕೆ ಸುರಿದು, ಮೇಲೆ ತೆಳುವಾದ ಮಲ್ಮಲ್ ಬಟ್ಟೆ ಹೊದಿಸಿ ರಾತ್ರಿಯಿಡೀ ಆರಲು ಬಿಡಿ. ಬಟ್ಟೆ ಹೊದಿಸದಿದ್ದರೆ ಊರ ನೊಣಗಳು ಬಂದು ಮೊದಲು ಮೊಟ್ಟೆ ಇಟ್ಟುಹೋಗುತ್ತವೆ. ಹತ್ತು ದಿನದ ಮೇಲೆ ನಿಮ್ಮ ಬಿಳಿಗಣ್ಣಿನ ತಳಿಯಲ್ಲಿ ಕೆಂಪುಗಣ್ಣು ಹೇಗೆ ಬಂತೆಂದು ತಲೆ ಕೆರೆದುಕೊಳ್ಳುವ ಪಾಳಿ ನಿಮ್ಮದಾಗುತ್ತದೆ. ಮರುದಿನ ಒಳಗೋಡೆಯ ನೀರಹನಿ ಒರೆಸಿ, ನಾಲ್ಕಾರು ಕಾಳು ಯೀಸ್ಟ್ ಉದುರಿಸಿ ಮುಚ್ಚಿ.

ಬಿರಡೆಗೆ ಔಷಧಿ ಅಂಗಡಿಯ ಸರ್ಜಿಕಲ್ ಹತ್ತಿ ತರಬೇಡಿ. ಅದರ ಮೇಣದ ಅಂಶ ತೆಗೆದಿರುವುದರಿಂದ ನೀರು ಹೀರಿ ಒದ್ದೆಯಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಜಿನ್ನಿಂಗ್ ಆದ ಹಸಿ ಅರಳೆ ಬೇಕು. ಹತ್ತಿಯ ಈ ಸೀಮೆಯಲ್ಲಿ ಅದಕ್ಕೇನು ಬರ? ಗಾದಿ ಮಾಡುವವರಲ್ಲಿ ಕೇಳಿದರೆ ಒಂದು ಚೀಲ ಸಿಗುತ್ತದೆ. ಮಲ್ಮಲ್ ತುಂಡಿನಲ್ಲಿ ಸುತ್ತಿ ಬಿಗಿಯಾಗಿ ಒತ್ತಿದರೆ ಗಾಳಿ ಆಡುತ್ತದೆ, ನೊಣ ನುಸುಳುವುದಿಲ್ಲ.

ಬಿಸಿಲಿನ ಲೆಕ್ಕ

ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಭಾಗವೇ ನಮ್ಮ ಕಡೆ ಪ್ರಯೋಗವನ್ನು ಉಳಿಸುತ್ತದೆ, ಇಲ್ಲವೇ ಕೆಡಿಸುತ್ತದೆ. 25 ಡಿಗ್ರಿಯಲ್ಲಿ ಮೊಟ್ಟೆ ಒಡೆಯಲು ಒಂದು ದಿನ, ಮರಿಹುಳು ಮೂರು ಹಂತ ದಾಟಲು ನಾಲ್ಕು ದಿನ, ಕೋಶದೊಳಗೆ (ಪ್ಯೂಪಾ ಹಂತ) ನಾಲ್ಕರಿಂದ ಐದು ದಿನ. 18 ಡಿಗ್ರಿಗೆ ಇಳಿಸಿದರೆ ಇದೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗಿ ಮೂರು ವಾರದ ಹತ್ತಿರ ಹೋಗುತ್ತದೆ. ಮೇಲಕ್ಕೆ ಹೋದರೆ ಬೇಗ ಆಗುತ್ತದೆ, ಆದರೆ 30 ಡಿಗ್ರಿಯಲ್ಲಿ ಬೆಳೆದ ಗಂಡುಗಳು ಬಂಜೆಯಾಗುತ್ತವೆ. ನೊಣ ಚುರುಕಾಗಿ ಓಡಾಡುತ್ತಿರುತ್ತದೆ, ಮೊಟ್ಟೆಯೂ ಕಾಣುತ್ತದೆ, ಮರಿ ಮಾತ್ರ ಹೊರಡುವುದಿಲ್ಲ. ‘ತಳಿ ಸತ್ತಿತು’ ಎಂದು ಏಪ್ರಿಲ್-ಮೇನಲ್ಲಿ ಕೇಳಿಬರುವ ದೂರಿನಲ್ಲಿ ಬಹುಪಾಲು ಇದೇ.

ಕಾಲೇಜಿನಲ್ಲಿ ಬಿ.ಒ.ಡಿ. ಇನ್‌ಕ್ಯುಬೇಟರ್ (ಒಳಗಿನ ಉಷ್ಣತೆಯನ್ನು ಒಂದೇ ಸಮ ಇಡುವ ಪೆಟ್ಟಿಗೆ) ಇದ್ದರೆ ಒಳ್ಳೆಯದು, ಕರೆಂಟ್ ಹೋದರೆ ಅದೂ ಬರೀ ಕಪಾಟು. ಇಲ್ಲದವರು ದೊಡ್ಡದೊಂದು ಹರವಿಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವಿನ ಸಂದಿಗೆ ಉಸುಕು ತುಂಬಿ ದಿನಕ್ಕೆರಡು ಸಲ ನೀರು ಹಾಕಿ. ಬಾಟಲಿಗಳು ಒಳಗಡಿಗೆಯಲ್ಲಿರಲಿ, ಬಾಯಿಗೆ ಹಸಿ ಗೋಣಿತಟ್ಟು. ಗದಗಿನ ಒಣ ಬೇಸಿಗೆಯಲ್ಲಿ ನೀರು ಬೇಗ ಆರುವುದರಿಂದ ಹೊರಗಿಗಿಂತ ಹಲವು ಡಿಗ್ರಿ ತಂಪು ಸಿಗುತ್ತದೆ. ಮಳೆಗಾಲದ ತೇವದಲ್ಲಿ ಈ ಉಪಾಯ ಕೆಲಸ ಮಾಡುವುದಿಲ್ಲ, ಆದರೆ ಆಗ ಅದರ ಅಗತ್ಯವೂ ಇಲ್ಲ. ಡಿಸೆಂಬರ್-ಜನವರಿಯ ರಾತ್ರಿಗಳಿಗೆ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಒಂದು ಸಣ್ಣ ಬಲ್ಬು ಸಾಕು. ಏನೇ ಮಾಡಿ, ಒಳಗೆ ಒಂದು ಥರ್ಮಾಮೀಟರ್ ಇಟ್ಟು ದಿನದ ಗರಿಷ್ಠ-ಕನಿಷ್ಠ ಬರೆದಿಡಿ. ಫ್ರಿಜ್ಜಿನ ಮೇಲೆ ಬಾಟಲಿ ಇಡಬೇಡಿ, ಅದರ ಹಿಂಬದಿಯ ಬಿಸಿ ಸೀದಾ ಮೇಲೇರುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಮಶೀನ್, ಸ್ಪ್ರೇ ಯಾವುದೂ ಕೂಡದು. ಸೊಳ್ಳೆಗೆ ಹಾಕಿದ್ದು ನೊಣಕ್ಕೂ ತಾಗುತ್ತದೆ.

ಗಂಡು, ಹೆಣ್ಣು, ಕನ್ಯೆ

ನೊಣಗಳನ್ನು ನೋಡಲು ಮೊದಲು ಮಂಪರು ಬರಿಸಬೇಕು. ಈಥರ್ ಹಳೆಯ ಪದ್ಧತಿ. ಬೆಂಕಿಗೆ ಬಹಳ ಬೇಗ ಹೊತ್ತಿಕೊಳ್ಳುವ ವಸ್ತು. ಸ್ಪಿರಿಟ್ ದೀಪ ಉರಿಯುವ ಕೋಣೆಯಲ್ಲಿ ವಿದ್ಯಾರ್ಥಿಗಳ ಕೈಗೆ ಅದನ್ನು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮಂಜುಗಡ್ಡೆ ಸಾಕು. ಖಾಲಿ ಒಣ ಬಾಟಲಿಗೆ ನೊಣ ದಾಟಿಸಿ, ಪುಡಿ ಮಂಜಿನಲ್ಲಿ ಕೆಲವು ನಿಮಿಷ ಹುಗಿದರೆ ತಳಕ್ಕೆ ಬೀಳುತ್ತವೆ. ಮಂಜಿನ ಮೇಲೆ ಇಟ್ಟ ಪೆಟ್ರಿ ತಟ್ಟೆಯಲ್ಲಿ ಫಿಲ್ಟರ್ ಕಾಗದ ಹಾಸಿ ಅದರ ಮೇಲೆ ಸುರಿದು, ಸೊನ್ನೆ ನಂಬರಿನ ಚಿತ್ರಕಲೆ ಕುಂಚದಿಂದ ಸರಿಸಿ ನೋಡಿ. ನೀರು ತಾಗಿದರೆ ರೆಕ್ಕೆ ಅಂಟಿಕೊಂಡು ಸಾಯುತ್ತವೆ. ಈಥರನ್ನೇ ಬಳಸುವವರು ಒಂದು ಗುರುತು ನೆನಪಿಡಿ: ರೆಕ್ಕೆಗಳು ಮೈಯಿಂದ ಮೇಲೆದ್ದು ಸೆಟೆದು ನಿಂತಿದ್ದರೆ ಅದು ಮಂಪರಲ್ಲ, ಸಾವು.

ಹೆಣ್ಣು ದೊಡ್ಡದು, ಹೊಟ್ಟೆಯ ತುದಿ ಚೂಪು, ತುದಿಯವರೆಗೂ ಪಟ್ಟೆ. ಮೆಲನೊಗ್ಯಾಸ್ಟರ್ ಗಂಡಿನ ಹೊಟ್ಟೆಯ ತುದಿ ಮೊಂಡು, ಕಪ್ಪು. ಅನುಮಾನ ಬಂದರೆ ಮುಂಗಾಲನ್ನು ನೋಡಿ. ಗಂಡಿನ ಮುಂಗಾಲಿನಲ್ಲಿ ಕಪ್ಪು ಬಿರುಗೂದಲಿನ ಒಂದು ಪುಟ್ಟ ಸಾಲು ಇರುತ್ತದೆ, ಅದೇ ಲೈಂಗಿಕ ಬಾಚಣಿಗೆ. ಹುಟ್ಟಿ ಸ್ವಲ್ಪವೇ ಹೊತ್ತಾದ ಗಂಡಿನ ಹೊಟ್ಟೆ ಇನ್ನೂ ಕಪ್ಪಾಗಿರುವುದಿಲ್ಲ, ಆಗ ಬಾಚಣಿಗೆಯೊಂದೇ ಗತಿ.

ಕ್ರಾಸ್ ಮಾಡಲು, ಅಂದರೆ ಎರಡು ತಳಿಗಳನ್ನು ಕೂಡಿಸಲು, ಬೇಕಾದುದು ಗಂಡಿನ ಸಂಪರ್ಕವಾಗದ ಹೆಣ್ಣು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಮೈಯಲ್ಲಿ ಸಂಗ್ರಹಿಸಿಟ್ಟು ದಿನಗಟ್ಟಲೆ ಬಳಸುತ್ತದೆ. ಹೀಗಾಗಿ ಒಂದೇ ಒಂದು ತಪ್ಪು ಹೆಣ್ಣು ಇಡೀ ಲೆಕ್ಕ ಕೆಡಿಸಬಲ್ಲದು. 25 ಡಿಗ್ರಿಯಲ್ಲಿ ಹುಟ್ಟಿದ ಮೊದಲ ಎಂಟು ಗಂಟೆ ಹೆಣ್ಣು ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸೆಕೆ ಹೆಚ್ಚಾದರೆ ಈ ಅವಧಿ ಕಡಿಮೆಯಾಗುತ್ತದೆ, ಆದ್ದರಿಂದ ನಮ್ಮ ಕಡೆ ಆರು ಗಂಟೆಯ ಗಡುವು ಇಟ್ಟುಕೊಳ್ಳುವುದು ಕ್ಷೇಮ.

ಕ್ರಮ ಹೀಗೆ. ಕೋಶಗಳು ಕಪ್ಪಾಗಿ, ಒಳಗೆ ರೆಕ್ಕೆ ಕಾಣತೊಡಗಿದ ಬಾಟಲಿಯನ್ನು ಆರಿಸಿ. ಬೆಳಿಗ್ಗೆ ಅದರಲ್ಲಿರುವ ನೊಣಗಳನ್ನೆಲ್ಲ ಒಂದೂ ಬಿಡದೆ ತೆಗೆಯಿರಿ. ಐದಾರು ಗಂಟೆ ಕಳೆದ ಮೇಲೆ ಹುಟ್ಟಿರುವ ಹೆಣ್ಣುಗಳನ್ನು ಆರಿಸಿ ಬೇರೆ ಬಾಟಲಿಗೆ ಹಾಕಿ. ಎಳೆಯ ನೊಣ ಬಿಳಿಚಿಕೊಂಡಿರುತ್ತದೆ, ರೆಕ್ಕೆ ಮುದುಡಿರುತ್ತದೆ. ಪಾರದರ್ಶಕ ಹೊಟ್ಟೆಯೊಳಗೆ ಕಡುಹಸಿರು ಚುಕ್ಕೆಯೊಂದು ಕಾಣುತ್ತದೆ, ಅದು ಮರಿಹುಳುವಿನ ಕಾಲದ ಕೊನೆಯ ಊಟದ ಶೇಷ. ಆ ಚುಕ್ಕೆ ಇದ್ದರೆ ಅದು ಕನ್ಯೆ ಎಂದು ಧೈರ್ಯವಾಗಿ ಹೇಳಬಹುದು. ಎರಡು-ಮೂರು ದಿನ ಹೆಣ್ಣುಗಳನ್ನಷ್ಟೇ ಇಟ್ಟು ನೋಡಿ, ಮೇವಿನಲ್ಲಿ ಮರಿಹುಳು ಹರಿದಾಡಿದರೆ ಆ ಬಾಟಲಿಯನ್ನು ಕ್ರಾಸಿಗೆ ಬಳಸಬೇಡಿ.

ನೊಣಗಳು ಹೆಚ್ಚಾಗಿ ಬೆಳಗಿನ ಜಾವದ ಆಸುಪಾಸಿನಲ್ಲೇ ಕೋಶ ಒಡೆದು ಬರುವುದನ್ನು ಇದೇ ಕೆಲಸದಲ್ಲಿ ನೀವೂ ಗಮನಿಸುತ್ತೀರಿ. ಈ ಹೊತ್ತು ತಪ್ಪಿ ಹುಟ್ಟುವ ನೊಣಗಳನ್ನು ಹುಡುಕುತ್ತ ಹೋದ ಕೊನೋಪ್ಕಾ ಮತ್ತು ಬೆಂಜರ್ 1971ರಲ್ಲಿ ‘ಪೀರಿಯಡ್’ ಜೀನಿನ ಸುಳಿವು ಹಿಡಿದರು. ದೇಹದ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಅದೇ ದಾರಿಯಲ್ಲಿ ಬಿಡಿಸಿದ ಹಾಲ್, ರೋಸ್‌ಬ್ಯಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಕ್ರಾಸ್ ಮತ್ತು ಎಣಿಕೆ

ಕೆಂಪುಗಣ್ಣಿನ ಐದು ಕನ್ಯೆಯರು, ಬಿಳಿಗಣ್ಣಿನ ಐದಾರು ಗಂಡು ಒಂದು ಬಾಟಲಿಗೆ. ಇನ್ನೊಂದರಲ್ಲಿ ಇದರ ತಿರುವುಮುರುವು: ಬಿಳಿಗಣ್ಣಿನ ಕನ್ಯೆಯರು, ಕೆಂಪುಗಣ್ಣಿನ ಗಂಡು. ಎರಡನ್ನೂ ಒಟ್ಟಿಗೇ ಮಾಡಿ. ಒಂದನ್ನಷ್ಟೇ ಮಾಡಿದರೆ ಪಾಠದ ಅರ್ಧವೇ ಸಿಗುತ್ತದೆ. ಬಾಟಲಿಯ ಮೇಲೆ ತಾರೀಖು, ಯಾರು ತಾಯಿ, ಯಾರು ತಂದೆ ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಿಯುತ್ತದೆ. ಏಳನೆಯ ದಿನ ತಂದೆತಾಯಿಗಳನ್ನು ತೆಗೆದುಬಿಡಿ, ಇಲ್ಲವಾದರೆ ಮಕ್ಕಳ ಜೊತೆ ಬೆರೆತುಹೋಗುತ್ತವೆ. ಹತ್ತನೆಯ ದಿನದಿಂದ ಹದಿನೆಂಟನೆಯ ದಿನದವರೆಗೆ ಎಣಿಸಿ, ಮುಂದಕ್ಕೆ ಹೋದರೆ ಮೊಮ್ಮಕ್ಕಳು ಲೆಕ್ಕಕ್ಕೆ ಬರುತ್ತವೆ. ಎರಡನೆಯ ಪೀಳಿಗೆಗೆ ಅಣ್ಣತಂಗಿಯರನ್ನೇ ಕೂಡಿಸುವುದರಿಂದ ಕನ್ಯೆಯರ ಗೋಜಿಲ್ಲ.

ಪುಸ್ತಕದ ಪ್ರಕಾರ ಕೆಂಪು ತಾಯಿ, ಬಿಳಿ ತಂದೆ ಆದಾಗ ಮೊದಲ ಪೀಳಿಗೆ ಎಲ್ಲ ಕೆಂಪು. ಎರಡನೆಯದರಲ್ಲಿ ಹೆಣ್ಣೆಲ್ಲ ಕೆಂಪು, ಗಂಡಿನಲ್ಲಿ ಅರ್ಧ ಕೆಂಪು ಅರ್ಧ ಬಿಳಿ, ಒಟ್ಟು 3:1. ಬಿಳಿ ತಾಯಿ, ಕೆಂಪು ತಂದೆಯಾದರೆ ಮೊದಲ ಪೀಳಿಗೆಯಲ್ಲೇ ಗಂಡೆಲ್ಲ ಬಿಳಿ, ಹೆಣ್ಣೆಲ್ಲ ಕೆಂಪು. ಎರಡನೆಯದರಲ್ಲಿ ಎರಡೂ ಲಿಂಗದಲ್ಲಿ ಅರ್ಧರ್ಧ.

ಈಗ ಮಾರ್ಗನ್ ಅವರ ಬಾಟಲಿಯಲ್ಲಿ ನಿಜಕ್ಕೂ ಏನು ಹುಟ್ಟಿತು ನೋಡಿ. ಬಿಳಿಗಣ್ಣಿನ ಆ ಗಂಡನ್ನು ಕೆಂಪುಗಣ್ಣಿನ ಹೆಣ್ಣುಗಳ ಜೊತೆ ಬಿಟ್ಟಾಗ ಮೊದಲ ಪೀಳಿಗೆಯಲ್ಲಿ ಕೆಂಪು 1237, ಬಿಳಿ 3. ಆ ಮೂರನ್ನು ಅವರು ಮುಚ್ಚಿಡಲಿಲ್ಲ, ಬರೆದೇ ಪ್ರಕಟಿಸಿದರು. ಎರಡನೆಯ ಪೀಳಿಗೆಯಲ್ಲಿ ಕೆಂಪು ಹೆಣ್ಣು 2459, ಕೆಂಪು ಗಂಡು 1011, ಬಿಳಿ ಗಂಡು 782, ಬಿಳಿ ಹೆಣ್ಣು ಒಂದೂ ಇಲ್ಲ. ಒಟ್ಟು 4252. ಕೆಂಪು 3470ಕ್ಕೆ ಬಿಳಿ 782 ಎಂದರೆ 4.4ಕ್ಕೆ 1.

ನಮ್ಮ ಜರ್ನಲ್ ಪದ್ಧತಿಯಂತೆ ಇದಕ್ಕೆ ಕೈ-ಸ್ಕ್ವೇರ್ ಹಾಕೋಣ, ಅಂದರೆ ಬಂದ ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆ ಎಂದು ಅಳೆಯುವ ಲೆಕ್ಕ. 3:1 ಆಗಬೇಕಾದರೆ 3189 ಕೆಂಪು, 1063 ಬಿಳಿ ಬರಬೇಕಿತ್ತು. ಎರಡು ಕಡೆಯೂ ವ್ಯತ್ಯಾಸ 281. ಅದರ ವರ್ಗ 78961. ಒಮ್ಮೆ 3189ರಿಂದ, ಒಮ್ಮೆ 1063ರಿಂದ ಭಾಗಿಸಿ ಕೂಡಿದರೆ ಸುಮಾರು 99. ಕೋಷ್ಟಕದಲ್ಲಿ ಮಿತಿ 3.84; ಅದನ್ನು ದಾಟಿದರೆ ವ್ಯತ್ಯಾಸ ಬರೀ ಆಕಸ್ಮಿಕ ಎನ್ನುವಂತಿಲ್ಲ. ಅಂದರೆ ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗೆ ಮಾರ್ಗನ್ ಕೂತಿದ್ದರೆ ‘ಪ್ರಯೋಗ ತಪ್ಪು, ಮತ್ತೆ ಮಾಡಿ’ ಎನಿಸಿಕೊಳ್ಳುತ್ತಿದ್ದರು.

ಕೊರತೆ ಏಕೆ? ಬಿಳಿಗಣ್ಣಿನ ನೊಣಗಳು ಸ್ವಲ್ಪ ನಿಶ್ಶಕ್ತ; ಇಕ್ಕಟ್ಟಾದ ಬಾಟಲಿಯಲ್ಲಿ ಕೆಂಪುಗಣ್ಣಿನವುಗಳ ಜೊತೆ ಪೈಪೋಟಿಗೆ ಬಿದ್ದು ಬಹಳಷ್ಟು ಹೊರಗೆ ಬರುವ ಮುನ್ನವೇ ಸಾಯುತ್ತವೆ. ಆದರೆ ಮಾರ್ಗನ್ ಕಣ್ಣು ನಿಂತದ್ದು ಅನುಪಾತದ ಮೇಲಲ್ಲ, ಬಿಳಿ ಹೆಣ್ಣಿನ ಖಾನೆಯಲ್ಲಿದ್ದ ಸೊನ್ನೆಯ ಮೇಲೆ. ಕಣ್ಣಿನ ಬಣ್ಣ ಲಿಂಗದ ಜೊತೆ ಹೆಣೆದುಕೊಂಡಿದೆ ಎಂದು ಹೇಳಿದ್ದು ಆ ಸೊನ್ನೆ. ಗಂಡು-ಹೆಣ್ಣು ಬೇರ್ಪಡಿಸದೆ ಬರೀ ಕೆಂಪು-ಬಿಳಿ ಎಂದು ಎಣಿಸಿ, ಹತ್ತಿರಹತ್ತಿರ 3:1 ಇದೆಯೆಂದು ಕೈತೊಳೆದುಕೊಂಡಿದ್ದರೆ ಅದು ಕೈತಪ್ಪಿ ಹೋಗುತ್ತಿತ್ತು.

ಹಾಗಾಗಿ ನಿಮ್ಮ ವಹಿಯಲ್ಲಿ ನಾಲ್ಕು ಖಾನೆ ಕಡ್ಡಾಯ: ಕೆಂಪು ಹೆಣ್ಣು, ಕೆಂಪು ಗಂಡು, ಬಿಳಿ ಹೆಣ್ಣು, ಬಿಳಿ ಗಂಡು. ಪಕ್ಕದಲ್ಲಿ ‘ಸತ್ತವು’, ‘ಹಾರಿಹೋದವು’, ‘ಆ ದಿನದ ಗರಿಷ್ಠ-ಕನಿಷ್ಠ’ ಎಂದು ಇನ್ನೂ ಮೂರು. ಬಾಟಲಿವಾರು ಲೆಕ್ಕವನ್ನು ಕೂಡಿಸದೆ ಬೇರೆಬೇರೆಯಾಗಿಯೇ ಉಳಿಸಿ. ಒಂದು ಬಾಟಲಿಯಲ್ಲಿ ಮಾತ್ರ ಬಿಳಿ ಕಡಿಮೆಯಿದ್ದರೆ ಅಲ್ಲಿ ಇಕ್ಕಟ್ಟಾಗಿತ್ತೋ ಬೂಸ್ಟು ಬಂದಿತ್ತೋ ಎಂದು ಹಿಂದೆ ಹೋಗಿ ನೋಡಬಹುದು. ಪ್ರಾಕ್ಟಿಕಲ್ ಪರೀಕ್ಷಕರಲ್ಲೂ ನನ್ನದೊಂದು ಕೋರಿಕೆಯಿದೆ: 4.4ಕ್ಕೆ 1 ಬರೆದು ಕಾರಣ ಕೊಟ್ಟ ಹುಡುಗಿಗೆ, 3:1 ಬರೆದು ಸುಮ್ಮನಿದ್ದ ಹುಡುಗನಿಗಿಂತ ಹೆಚ್ಚು ಅಂಕ ಕೊಡಿ.

ಲಾಲಾಗ್ರಂಥಿಯ ದೈತ್ಯ ವರ್ಣತಂತುಗಳು

ನೊಣದ ಮರಿಹುಳುವಿನ ಲಾಲಾಗ್ರಂಥಿಯಲ್ಲಿ (ಜೊಲ್ಲಿನ ಗ್ರಂಥಿ) ಜೀವಕೋಶ ಒಡೆಯದೆ ವರ್ಣತಂತು ಮತ್ತೆ ಮತ್ತೆ ನಕಲಾಗಿ, ಸಾವಿರದಷ್ಟು ಎಳೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ಸಾದಾ ಸೂಕ್ಷ್ಮದರ್ಶಕದಲ್ಲೇ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಇಂಥ ವರ್ಣತಂತುವನ್ನು ಬಾಲ್ಬಿಯಾನಿ 1881ರಲ್ಲಿ ಬೇರೊಂದು ನೊಣದಲ್ಲಿ ಕಂಡಿದ್ದರು. ಡ್ರೊಸೋಫಿಲಾದಲ್ಲಿ ಅದರ ಬೆಲೆ ತೋರಿಸಿದ್ದು 1933ರಲ್ಲಿ ಪೇಂಟರ್.

ಹುಳುಗಳು ಕೊಬ್ಬಿರಬೇಕು. ಬಾಟಲಿಯಲ್ಲಿ ಜನಸಂದಣಿ ಬೇಡ, ಯೀಸ್ಟ್ ಧಾರಾಳ ಹಾಕಿ, ಆದರೆ 18-20 ಡಿಗ್ರಿಯ ತಂಪಿನಲ್ಲಿ ಬೆಳೆಸಿ. ಧಾರವಾಡದಲ್ಲಿ ಈ ಪ್ರಯೋಗವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ, ಹವೆಯೇ ಅರ್ಧ ಕೆಲಸ ಮಾಡುತ್ತದೆ. ಮೇವು ಬಿಟ್ಟು ಗೋಡೆ ಹತ್ತಲು ಆಗತಾನೇ ಶುರುಮಾಡಿದ ಹುಳು ಸರಿಯಾದದ್ದು. ಮೈ ಗಟ್ಟಿಯಾಗಿ ನಿಂತದ್ದು ಬೇಡ.

ಸ್ಲೈಡಿನ ಮೇಲೆ ಶೇ. 0.7ರ ಉಪ್ಪುನೀರಿನ ಹನಿ, ಅದರಲ್ಲಿ ಹುಳು. ಎಡಗೈ ಸೂಜಿಯಿಂದ ಮೈಯ ನಡುಭಾಗ ಒತ್ತಿ ಹಿಡಿದು, ಬಲಗೈ ಸೂಜಿಯನ್ನು ಬಾಯಿಯ ಕಪ್ಪು ಕೊಕ್ಕೆಯ ಹಿಂದೆಯೇ ಊರಿ ಒಂದೇ ಸಮನೆ ಮುಂದಕ್ಕೆ ಎಳೆಯಿರಿ. ಬಾಯಿಯ ಹಿಂದೆ ಗಾಜಿನಂತೆ ಹೊಳೆಯುವ ಎರಡು ಉದ್ದ ಚೀಲಗಳು ಬರುತ್ತವೆ. ಅವುಗಳ ಅಂಚಿಗೆ ಅಂಟಿದ, ಹಾಲಿನ ಬಣ್ಣದ ಕೊಬ್ಬನ್ನು ಬಿಡಿಸಿ. ಕೊಬ್ಬು ಉಳಿದರೆ ಸ್ಲೈಡು ಜಿಡ್ಡಾಗುತ್ತದೆ. ಅಸಿಟೋ-ಆರ್ಸೀನ್ ಬಣ್ಣದಲ್ಲಿ ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು, ಕವರ್ ಸ್ಲಿಪ್ ಇಟ್ಟು, ಮೇಲೆ ಬ್ಲಾಟಿಂಗ್ ಕಾಗದ ಹಾಕಿ ಹೆಬ್ಬೆರಳಿನಿಂದ ನೆಟ್ಟಗೆ ಕೆಳಕ್ಕೆ ಒತ್ತಿ. ಸ್ಲಿಪ್ ಪಕ್ಕಕ್ಕೆ ಜಾರಿದರೆ ವರ್ಣತಂತು ಚಿಂದಿಯಾಗುತ್ತದೆ. ಚೆನ್ನಾಗಿ ಬಿಡಿಸಿಕೊಂಡ ಜೀವಕೋಶದಲ್ಲಿ ಒಂದೇ ಕೇಂದ್ರದಿಂದ ಐದು ಉದ್ದ ತೋಳು, ಒಂದು ಮೋಟು ಚುಕ್ಕೆ ಕಾಣಬೇಕು. ಚುಕ್ಕೆ ನಾಲ್ಕನೆಯ ವರ್ಣತಂತು. ಬ್ರಿಡ್ಜಸ್ 1935ರಲ್ಲಿ ಇವುಗಳನ್ನು 102 ವಿಭಾಗಗಳಾಗಿ ಎಣಿಸಿ ಬರೆದ ನಕ್ಷೆಯನ್ನೇ ಇಂದಿಗೂ ಎದುರಿಗಿಟ್ಟು ಹೋಲಿಸುತ್ತಾರೆ.

ಬಲೆಗೆ ಬಿದ್ದ ಅನನಾಸೆ ಹೆಣ್ಣಿನ ಮರಿಗಳಲ್ಲಿ ತೋಳೊಂದು ಗಂಟು ಹಾಕಿದಂತೆ ಸುತ್ತಿಕೊಂಡಿದ್ದರೆ ಅದು ಕೆಟ್ಟ ಸ್ಲೈಡಲ್ಲ. ವರ್ಣತಂತುವಿನ ತುಣುಕು ತಿರುಗಿ ಕೂತ ಇನ್ವರ್ಷನ್ ಇರಬಹುದು, ಈ ಪ್ರಭೇದದಲ್ಲಿ ಅದು ಸಾಮಾನ್ಯ. ಯಾವ ಊರಿನ, ಯಾವ ತಿಂಗಳ ನೊಣದಲ್ಲಿ ಎಷ್ಟು ಸಿಕ್ಕಿತೆಂದು ಬರೆದರೆ ಎಂ.ಎಸ್ಸಿ. ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ಹಾವೇರಿಯ ಮಾರುಕಟ್ಟೆ, ಗದಗಿನ ಕಪ್ಪತಗುಡ್ಡದ ಅಂಚು, ಧಾರವಾಡದ ಪೇರಲ ತೋಟ, ಮೂರರ ನಡುವೆ ಹವೆಯಲ್ಲೂ ಮೇವಿನಲ್ಲೂ ವ್ಯತ್ಯಾಸವಿದೆ.

ಹತ್ತುವ ಪರೀಕ್ಷೆ

ಶಾಲೆಯ ಮಕ್ಕಳಿಗೂ ಮಾಡಿಸಬಹುದು. ಉದ್ದನೆಯ ಪಾರದರ್ಶಕ ಕೊಳವೆಗೆ 8 ಸೆಂಟಿಮೀಟರಿನಲ್ಲಿ ಗೆರೆ ಎಳೆದು, ಒಂದೇ ವಯಸ್ಸಿನ 10 ನೊಣ ಬಿಡಿ. ಮೇಜಿಗೆ ತಟ್ಟಿ ಕೆಳಗೆ ಬೀಳಿಸಿ, 10 ಸೆಕೆಂಡಿನಲ್ಲಿ ಎಷ್ಟು ಗೆರೆ ದಾಟಿದವು ಎಣಿಸಿ. ಎಳೆಯವು ಸರಸರನೆ ಏರುತ್ತವೆ, ತಿಂಗಳು ದಾಟಿದವು ತಡವರಿಸುತ್ತವೆ. ನರರೋಗಗಳ ಸಂಶೋಧನೆಯಲ್ಲೂ ಇದೇ ಪರೀಕ್ಷೆ ಬಳಕೆಯಲ್ಲಿದೆ. ಮಂಜಿನಲ್ಲಿ ಮಂಪರು ಬರಿಸಿದ ದಿನವೇ ಮಾಡಬೇಡಿ, ಒಂದು ದಿನ ಸುಧಾರಿಸಿಕೊಳ್ಳಲಿ.

ಕಾಟಗಳು, ರಜೆ, ವಿಲೇವಾರಿ

ಬೂಸ್ಟು ಬಂದರೆ ನೊಣಗಳನ್ನಷ್ಟೇ ಹೊಸ ಬಾಟಲಿಗೆ ದಾಟಿಸಿ, ಒಂದೆರಡು ದಿನಕ್ಕೆ ಮತ್ತೆ ದಾಟಿಸಿ. ಇದಕ್ಕಿಂತ ಕೆಟ್ಟದ್ದು ಮೈಟ್ ಎಂಬ ನುಸಿ. ಬಾಟಲಿಯ ಒಳಗೋಡೆಯ ಮೇಲೆ ಬಿಳಿ ಧೂಳು ತಾನಾಗಿ ಸರಿದಾಡಿದರೆ ಅದೇ. ಆ ಬಾಟಲಿಯನ್ನು ಮರುಕವಿಲ್ಲದೆ ಫ್ರೀಜರ್‌ಗೆ ಹಾಕಿ, ಕಪಾಟನ್ನು ಸ್ಪಿರಿಟ್‌ನಿಂದ ಒರೆಸಿ. ಹೊರಗಿನಿಂದ ಬಂದ ತಳಿಯನ್ನು ಎರಡು ಪೀಳಿಗೆ ಬೇರೆ ಕೋಣೆಯಲ್ಲಿಟ್ಟೇ ಒಳಗೆ ತನ್ನಿ. ಇರುವೆಗೆ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಮನೆಯ ಉಪಾಯವೇ ಸಾಕು.

ದಸರಾ, ಬೇಸಿಗೆ ರಜೆಗಳಲ್ಲಿ ತಳಿ ಸಾಯುವುದು ಸಾಮಾನ್ಯ. ಪ್ರತಿ ತಳಿಯನ್ನೂ ಎರಡು ಬಾಟಲಿಯಲ್ಲಿ, ಎರಡು ಬೇರೆ ಜಾಗದಲ್ಲಿ, ಬೇರೆಬೇರೆ ದಿನ ಕಟ್ಟಿ ಇಡಿ. 18 ಡಿಗ್ರಿಯಲ್ಲಿದ್ದರೆ ಮೂರು ವಾರಕ್ಕೊಮ್ಮೆ, 25ರಲ್ಲಿದ್ದರೆ ಎರಡು ವಾರಕ್ಕೊಮ್ಮೆ ಹೊಸ ಮೇವಿಗೆ ದಾಟಿಸಬೇಕು. ಯಾರ ಪಾಳಿ ಎಂದು ಬಾಗಿಲಿಗೆ ಚೀಟಿ ಅಂಟಿಸಿ, ಸಿಪಾಯಿಯವರಿಗೂ ಹೇಳಿಡಿ. ಇಲ್ಲದಿದ್ದರೆ ರಜೆಯಲ್ಲಿ ‘ಕೊಳೆತ ಉಪ್ಪಿಟ್ಟು’ ಎಂದು ಎಲ್ಲವನ್ನೂ ತೊಳೆದಿಟ್ಟಾರು.

ಎಣಿಸಿ ಮುಗಿದ ನೊಣಗಳನ್ನು ಕಿಟಕಿಯಿಂದ ಹೊರಗೆ ಬಿಡಬೇಡಿ, ಮ್ಯೂಟಂಟ್ ತಳಿಗಳನ್ನಂತೂ ಎಂದಿಗೂ ಬೇಡ. ಸೋಪಿನ ನೀರಿನ ಬಾಟಲಿಗೆ ಸುರಿಯಿರಿ. ಹಳೆಯ ಮೇವಿನ ಬಾಟಲಿಗಳನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಆಮೇಲೆ ಬಿಸಿನೀರಿನಲ್ಲಿ ತೊಳೆದು, ಕುಕ್ಕರಿಗೆ ಹಾಕಿ.